ಫ್ರಿಜ್ಜಿನ ಕೆಂಪು ದೀಪ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿದ್ಯುತ್ತಿನ ಪಾಠ ಮಾಡಿದವನು ನಾನು. ಹಾಗಿದ್ದೂ ನಮ್ಮ ಕೊಪ್ಪಳದ ಮನೆಯಲ್ಲಿ ಫ್ಯೂಸ್ ಹೋದರೆ ಹೆಂಡತಿ ಗಿರಿಜಾ ನನ್ನನ್ನು ಕರೆಯುವುದಿಲ್ಲ, ಪಕ್ಕದ ಮನೆಯವರನ್ನು ಕರೆಯುತ್ತಾಳೆ. ಆ ಅವಮಾನವನ್ನು ಎಂದೋ ನುಂಗಿಕೊಂಡಿದ್ದೆ. ನಿವೃತ್ತಿಯಾದ ಮೇಲೆ ಒಂದು ಹಳೇ ಟೆಂಪೊ ಕೊಂಡು, ಅದನ್ನು ಗಾಲಿಯ ಮೇಲಿನ ಮನೆ ಮಾಡಿಸುವ ಹುಚ್ಚು ಹಿಡಿಯಿತು ನೋಡಿ, ಆಗ ನನ್ನೊಳಗಿನ ವಿಜ್ಞಾನಿ ಮತ್ತೆ ಎದ್ದು ಕುಳಿತ!

ಗಂಗಾವತಿಯಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವವರು ಗಾಡಿಯನ್ನು ಸಿದ್ಧಮಾಡಿಕೊಟ್ಟರು. "ಭತ್ತ ತುಂಬೂ ಗಾಡಿ ಮಾಡೇವ್ರಿ ಸರ, ಮಂದಿ ಮಲಗೂ ಗಾಡಿ ಇದ ಮೊದಲ" ಎಂದು ನಗುತ್ತಲೇ ಎರಡು ಮಂಚ, ಒಂದು ಒಲೆ, ಸೀಟಿನ ಕೆಳಗೆ ಇನ್ನೊಂದು ಬ್ಯಾಟರಿ, ನೆತ್ತಿಯ ಮೇಲೆ ಸಣ್ಣ ಸೋಲಾರ್ ಹಲಗೆ, ಮೂಲೆಯಲ್ಲಿ ಆ ಬ್ಯಾಟರಿಯಿಂದಲೇ ನಡೆಯುವ ಪುಟ್ಟ ಫ್ರಿಜ್ ಕೂರಿಸಿದರು. ಫ್ರಿಜ್ ಎಂದರೆ ಐಸ್‌ಕ್ರೀಮಿನ ಶೋಕಿ ಎಂದುಕೊಳ್ಳಬೇಡಿ. ಗಿರಿಜಾಗೆ ಸಕ್ಕರೆ ಕಾಯಿಲೆ. ಇಪ್ಪತ್ತು ದಿನದ ಇನ್ಸುಲಿನ್ ಅದರೊಳಗೇ ಇರಬೇಕು, ಹೊರಗೆ ನಮ್ಮ ಬೇಸಿಗೆ. ಮದುವೆಯಾದಾಗಿನಿಂದ ಬೀಗರ ಊರು ಬಿಟ್ಟರೆ ಬೇರೆ ಊರು ಕಾಣದ ಅವಳಿಗೆ ಪಂಢರಪುರ ನೋಡುವ ಆಸೆ. ಆದರೂ ಷರತ್ತು ಹಾಕಿದ್ದಳು: "ಫ್ರಿಜ್ ನಿಂತಿತು ಅಂದ್ರ ಅಲ್ಲಿಂದನ ಮನಿ ಕಡೆ ಹೊಳ್ಳಬೇಕು ನೋಡ್ರಿ."

ಹೊರಡುವ ಮುಂಜಾನೆ ಅವಳು ಗಾಡಿಗೆ ಕುಂಕುಮ ಇಟ್ಟು ಕಾಯಿ ಒಡೆದಳು. ನಾನು ಎಂದಿನಂತೆ ಪಕ್ಕಕ್ಕೆ ನಿಂತು, ಗಾಡಿ ಓಡುವುದು ಡೀಸೆಲ್ಲಿನಿಂದ ಎಂದು ಸಣ್ಣದೊಂದು ಉಪನ್ಯಾಸ ಕೊಟ್ಟೆ. ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಕುಕನೂರಿನ ಬೀಗರ ಮನೆಯಲ್ಲಿ ಊಟ ಮುಗಿಸಿ ಗಾಡಿ ಹತ್ತಿದರೆ ಫ್ರಿಜ್ಜಿನ ಮೇಲೆ ಕೆಂಪು ದೀಪ ಮಿಣುಕುತ್ತಿದೆ! ಗಿರಿಜಾಳ ಷರತ್ತು ನೆನಪಾಗಿ ಗಾಬರಿಯಾಯಿತು. ಸುಳ್ಳೇಕೆ ಹೇಳಲಿ, ಅದರ ಹಿಂದೆಯೇ ಒಂದು ಖುಷಿಯೂ ಆಯಿತು. ಕಪ್ಪುಹಲಗೆಯ ಮೇಲಲ್ಲದೆ ನಿಜವಾದ ದೋಷವೊಂದು ಕೊನೆಗೂ ನನ್ನ ಕೈಗೆ ಸಿಕ್ಕಿತ್ತು. ಮೀಟರ್ ಹಚ್ಚಿದೆ, ಹನ್ನೆರಡೂವರೆ ವೋಲ್ಟ್, ಬ್ಯಾಟರಿ ಗಟ್ಟಿಮುಟ್ಟು. ಒಳಗಿನ ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಫ್ರಿಜ್ ಮಾತ್ರ ಗುರ್ರೆಂದು ಶುರುವಾಗಿ ತಟ್ಟನೆ ನಿಲ್ಲುತ್ತದೆ. ಫ್ಯೂಸ್ ಬದಲಿಸಿದೆ. ಯಲಬುರ್ಗಾದಲ್ಲಿ ಬೇವಿನ ಮರದಡಿ ನಿಲ್ಲಿಸಿ, ನೆತ್ತಿ ಹತ್ತಿ ಸೋಲಾರ್ ಹಲಗೆಯ ಧೂಳು ಒರೆಸಿದೆ. ಮನುಷ್ಯನ ಬುದ್ಧಿಯೇ ಹೀಗೆ, ದೋಷ ಹುಡುಕಲು ಮೊದಲು ದೂರದ ಜಾಗಕ್ಕೇ ಏರುತ್ತಾನೆ. ನಡುನಡುವೆ ಔಷಧ ತಂಪಾಗಿದೆಯೇ ಎಂದು ಐದು ನಿಮಿಷಕ್ಕೊಮ್ಮೆ ಫ್ರಿಜ್ಜಿನ ಬಾಗಿಲು ತೆಗೆದು ನೋಡುತ್ತಿದ್ದೆ.

"ತಗದ ತಗದ ನೋಡಿದ್ರ ತಂಪು ಇರತೈತೇನ್ರಿ?" ಎಂದು ಗಿರಿಜಾ ಗದರಿದಳು. ಫ್ರಿಜ್ಜಿಗೆ ಒದ್ದೆ ಟವೆಲ್ ಹೊದಿಸಿ, ನಾನು ಮುಟ್ಟದ ಹಾಗೆ ಅದರ ಪಕ್ಕದಲ್ಲೇ ಕುಳಿತಳು. "ಕುಷ್ಟಗಿತನಕ ನೋಡೂಣು. ಆಮ್ಯಾಲ ಮನಿ."

ಕುಷ್ಟಗಿಯ ಹೆದ್ದಾರಿಯಲ್ಲಿ ಲಾರಿಗಳ ಬ್ಯಾಟರಿ ರಿಪೇರಿ ಮಾಡುವ ಶರಣಪ್ಪ ಸಿಕ್ಕ. ಐವತ್ತು ದಾಟಿದ ಆಸಾಮಿ. ಅವನ ಮುಂದೆ ನನ್ನ ಹನ್ನೆರಡೂವರೆ ವೋಲ್ಟಿನ ಲೆಕ್ಕ ಒಪ್ಪಿಸಿದೆ.

"ಮಲಗಿದ ಎತ್ತಿನ ಬಲ ನೋಡಿದ್ರ ಏನ ತಿಳಿತೈತ್ರಿ ಸರ? ನೊಗ ಹೂಡಿ ನೋಡಬೇಕು" ಎಂದ.

ಆಹಾ! ಮೂವತ್ತು ವರ್ಷದಲ್ಲಿ ಇಷ್ಟು ಚೆಂದದ ಒಂದು ವಾಕ್ಯ ನನ್ನ ಬಾಯಿಂದ ಬಂದಿರಲಿಲ್ಲ. ಶರಣಪ್ಪ ಫ್ರಿಜ್ ಶುರುಮಾಡಿ, ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಸೀಸದ ಗೂಟಕ್ಕೂ ಇನ್ನೊಂದನ್ನು ಅದನ್ನು ಕಚ್ಚಿಕೊಂಡಿದ್ದ ಕ್ಲಾಂಪಿಗೂ ಹಿಡಿದ. ಒಂದಕ್ಕೊಂದು ಅಂಟಿಕೊಂಡೇ ಇರುವ ಆ ಎರಡರ ನಡುವೆ ಮೀಟರಿನಲ್ಲಿ ವೋಲ್ಟೇಜ್ ಏನೂ ಕಾಣಿಸಬಾರದು. ಮುಳ್ಳು ಎದ್ದು ನಿಂತಿತು. "ಬ್ಯಾಟರಿ ಕೊಡಾಕತ್ತೈತಿ, ಕ್ಲಾಂಪ್ ತಗೊಳ್ಳವಲ್ದು. ದೀಪಕ್ಕ ಸಾಕಾಗೂವಷ್ಟ ದಾಟತೈತಿ, ಫ್ರಿಜ್ಜಿಗೆ ಸಾಲವಲ್ದು" ಎಂದು ಪಾನಾ ತಂದು ಕ್ಲಾಂಪಿನ ನಟ್ಟು ಬಿಚ್ಚಿದ. ಒಳಸುತ್ತಿಗೆ ಬಿಳೀ ಪುಡಿ ಕಟ್ಟಿಕೊಂಡಿತ್ತು. ಬೆರಳಲ್ಲಿ ಉಜ್ಜಿ, ಮೂಸಿ, ಬೆರಗಾಗಿ ನಮ್ಮಿಬ್ಬರನ್ನೂ ನೋಡಿದ.

"ಇದು ವಿಭೂತಿ! ಕ್ಲಾಂಪ್ ಬಿಚ್ಚಿ ಒಳಗ ಯಾರ್ರಿ ಹಚ್ಚ್ಯಾರ?"

ನಾನು ಗಿರಿಜಾಳ ಕಡೆ ನೋಡಿದೆ. ಸುಮ್ಮನಿದ್ದರೆ ತಪ್ಪು ಅವಳ ತಲೆಗೇ ಹೋಗುತ್ತಿತ್ತು. ನಾಚಿಕೆಗೆಟ್ಟು ಸುಮ್ಮನೆಯೇ ನಿಂತೆ.

"ನಾನಲ್ಲಪ್ಪ. ನನಗ ಪಾನಾ ಹಿಡಿಯಾಕ ಎಲ್ಲಿ ಬರತೈತಿ?" ಎಂದಳು.

"ನಾನ ಹಚ್ಚಿದ್ದು" ಎಂದೆ. ಹೊರಡುವ ಹಿಂದಿನ ಸಂಜೆ, ಅವಳು ರೊಟ್ಟಿ ಬಡಿಯುತ್ತಿದ್ದಾಗ, ಯಾರೂ ನೋಡಬಾರದೆಂದು ಕ್ಲಾಂಪ್ ಬಿಚ್ಚಿ, ಎರಡೂ ಗೂಟಕ್ಕೆ ನೀರಲ್ಲಿ ಕಲಸಿದ ವಿಭೂತಿ ಬಳಿದು, ಮೇಲೆ ಮತ್ತೆ ಬಿಗಿದಿದ್ದೆ. ಹಸಿ ಇದ್ದಾಗ ಹೇಗೋ ನಡೆದ ಫ್ರಿಜ್, ವಿಭೂತಿ ಒಣಗುತ್ತಲೇ ಬಾಯಿ ಕಟ್ಟಿಕೊಂಡಿತ್ತು. ಮಾರನೇ ದಿನ ಡೀಸೆಲ್ಲಿನ ಉಪನ್ಯಾಸ ಕೊಟ್ಟವನೂ ನಾನೇ.

ಶರಣಪ್ಪ ನಗಲಿಲ್ಲ, ಅದು ಅವನ ದೊಡ್ಡತನ. ಮರಳುಕಾಗದದಿಂದ ಗೂಟ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದ. "ಹಚ್ಚಬ್ಯಾಡ್ರಿ ಅನ್ನಂಗಿಲ್ಲ ಸರ. ಮ್ಯಾಲ ಹಚ್ಚ್ರಿ, ನಡುವ ಬ್ಯಾಡ." ಫ್ರಿಜ್ ಗುರ್ರೆಂದಿತು, ನಿಲ್ಲಲಿಲ್ಲ, ಹಸಿರು ದೀಪ ಬಂತು! ನಾನು ಹೆದ್ದಾರಿಯಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ಗಿರಿಜಾ ಬಾಗಿಲು ತೆಗೆದು ಔಷಧದ ಡಬ್ಬಿ ಮುಟ್ಟಿ ನೋಡಿದಳು. ಅವಳ ಕಾವಲಿನ ಪುಣ್ಯ, ಇನ್ನೂ ತಣ್ಣಗಿತ್ತು.

ಗಾಡಿಯಲ್ಲಿ ಕುಳಿತ ಮೇಲೆ ಕೇಳಿದಳು: "ಖರೇ ಹೇಳ್ರಿ, ಯಾಕ ಹಚ್ಚಿದ್ರಿ?"

"ಔಷಧ ಕೆಟ್ಟು ದಾರ್ಯಾಗ ನಿನಗ ಏನರ ಆದ್ರ ಅಂತ ಭಾಳ ಅಂಜಿಕಿ ಆಗಿತ್ತು."

ಒದ್ದೆ ಟವೆಲ್ ಹಿಂಡಿ ಕಿಟಕಿಗೆ ಹರವಿದಳು.

"ಅಂಜಿಕಿ ಆಗಿದ್ರ ನನ್ನ ಮುಂದ ಹೇಳಬೇಕಿತ್ತು. ಬ್ಯಾಟರಿ ಮುಂದ ಯಾಕ ಹೇಳಿದ್ರಿ? ಹ್ಞೂಂ, ನಡೀರಿ, ಪಂಢರಪುರ ಇನ್ನೂ ದೂರ ಐತಿ."