ಹಿಮನಾಡಿಗೆ ಉಡಿಯಕ್ಕಿ

ಕೊಡ್ಲಿ ಊರಿನ ಸೂಗಮ್ಮನ ಮಗಳು ಸುಮಂಗಲಾ ಅಂಗಳದಲ್ಲಿ ಕುಳಿತು ಬೂಟಿನ ತಳದ ಗೀರುಗಳನ್ನು ಸೂಜಿಯಿಂದ ಕೆದಕುತ್ತಿದ್ದಳು. ಕರಿಮಣ್ಣು, ಹಿಡಿದರೆ ಬಿಡುವ ಜಾತಿಯಲ್ಲ. ಪಕ್ಕದಲ್ಲೇ ಅವಳ ಪುಟ್ಟ ಮಗಳು ಅನಸು ಇನ್ನೊಂದು ಬೂಟಿಗೆ ಮುಷ್ಟಿಗಟ್ಟಲೆ ಮಣ್ಣು ತುಂಬುತ್ತಿತ್ತು.

ತೊಗರಿ ಹೊಲದ ಹೆಂಟೆ ಮಗುಚಿ ಹುಳ ನೋಡುತ್ತ ಬೆಳೆದ ಸುಮಂಗಲಾ, ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ಓದಿ ಕೊನೆಗೆ ಅಂಟಾರ್ಕ್ಟಿಕಾದ ಮಣ್ಣುಹುಳಗಳಿಗೆ ಗಂಟುಬಿದ್ದಿದ್ದಳು. ಬರಿಗಣ್ಣಿಗೆ ಕಾಣದ ಜೀವಗಳು. ಚಳಿಗೆ ಒಣಗಿ ಸತ್ತಂತೆ ಬಿದ್ದಿದ್ದು, ಹನಿ ನೀರು ಸಿಕ್ಕರೆ ಎದ್ದು ಹರಿದಾಡುತ್ತವೆ. ಇಷ್ಟು ದಿನ ಬೇರೆಯವರು ತಂದ ಮಣ್ಣಿನಲ್ಲೇ ಅವನ್ನು ನೋಡಿದ್ದಳು. ಈ ಸಲ ಅಲ್ಲಿಗೆ ಹೋಗಲು ಅವಳಿಗೇ ಕರೆ ಬಂದಿತ್ತು. ಗಂಡ ರೇವಣಸಿದ್ದನಿಗೆ ವಾಡಿಯಲ್ಲಿ ರೈಲ್ವೆ ಪಾಳಿ. ಮಗುವನ್ನು ಅವ್ವನ ಬಳಿಯೇ ಬಿಡಬೇಕು. ಜ್ವರ ಬಂದರೆ? ಬರುವಷ್ಟರಲ್ಲಿ ನನ್ನ ಮುಖವೇ ಮರೆತಿದ್ದರೆ?

ಸೂಗಮ್ಮ ಮೊರದಲ್ಲಿ ಅರಿಶಿನ ಹಚ್ಚಿದ ಅಕ್ಕಿ, ಕೊಬ್ಬರಿ, ಉತ್ತುತ್ತಿ ಹಿಡಿದು ಬಂದಳು. "ಏಳವ್ವ, ಸೆರಗ ಒಡ್ಡು. ಉಡಿ ತುಂಬತೀನಿ."

"ಅದು ನಡ್ಯಂಗಿಲ್ಲಬೇ. ಕಾಳು, ಬೀಜ, ಮಣ್ಣು ಒಂದೂ ಒಯ್ಯಬಾರ್ದು. ನಮ್ಮ ಹುಳ ಹೋಗಿ ಸೇರಿದ್ರ ಅಲ್ಲಿನವು ಹಾಳಾಗ್ತಾವ."

"ನನ್ನ ಅಕ್ಕ್ಯಾಗ ಹುಳ ಅದಾವಂತ ಹೇಳಾಕತ್ತೀಯೇನ? ಕಣ್ಣು ಕಿತ್ತುಬರಂಗ ಆರಿಸೀನಿ!"

"ಹಂಗಲ್ಲಬೇ..."

"ಹುಳದ ಮನಿಗಿ ಮಡಿ, ತವರಿನ ಮಗಳಿಗಿ ಬರಿ ಉಡಿ. ಭಾಳ ಛಲೋ ಕಲ್ತಿ." ಸೂಗಮ್ಮ ಮೊರ ಕುಕ್ಕಿದಳು. "ಬರಿ ಉಡೀಲೆ ನಿನ್ನ ಕಳಿಸಿ ನಾ ಇಲ್ಲಿ ಜೀವ ಹಿಡಕೊಂಡು ಕುಂದ್ರಂಗಿಲ್ಲ. ಕೂಸನ್ನೂ ಕರ್ಕೊಂಡೇ ಹೋಗು."

ಸುಮಂಗಲಾಳ ಕೈಯ ಸೂಜಿ ನಿಂತಿತು. ಮಧ್ಯಾಹ್ನವೇ ವಾಡಿಯಿಂದ ರೈಲು. ಅವ್ವನ ದನಿಯಲ್ಲಿ ನಡುಕ ಕೇಳಿದಾಗ ಅವಳಿಗೆ ತಿಳಿಯಿತು: ಅದು ಸಿಟ್ಟಲ್ಲ. ಮಗುವಿಗಾಗಿ ತಾನು ಪಡುವ ಅಂಜಿಕೆಯನ್ನೇ ಅವ್ವ ತನಗಾಗಿ ಪಡುತ್ತಿದ್ದಾಳೆ.

"ನನ್ನ ಉಡಿ ಅನಸೂಗ ತುಂಬು. ಆಕಿ ಹತ್ರ ಇರಲಿ. ಬಂದು ಇಸ್ಕೋತೀನಿ."

"ಸಣ್ಣ ಕೂಸಿಗಿ ಯಾರರ ಉಡಿ ತುಂಬ್ತಾರೇನ?"

"ಹುಳ ನೋಡಾಕ ಹಿಮಕ್ಕ ಯಾರರ ಹೋಗ್ಯಾರೇನ, ನಮ್ಮೂರಾಗ?"

ಸೂಗಮ್ಮನ ತುಟಿ ಸಡಿಲಿತು. ಅನಸುವಿನ ಫ್ರಾಕಿನ ಅಂಚು ಹಿಡಿದು ಅಕ್ಕಿ ಸುರಿದಳು. ಅನಸು ಅರ್ಧ ಕೋಳಿಗಳಿಗೆ ಎರಚಿತು. ಉಳಿದದ್ದನ್ನು ಸೂಗಮ್ಮ ಬಟ್ಟೆಯಲ್ಲಿ ಗಂಟುಕಟ್ಟಿ ಜಗಲಿಯ ಮೇಲಿಟ್ಟಳು. "ನೀ ಬಂದೇ ಬಿಚ್ಚಬೇಕ, ನೋಡು."

ಹೊರಡುವಾಗ ಅನಸು ಸುಮಂಗಲಾಳ ಹೆಗಲ ಮೇಲಿನ ಸ್ವೆಟರಿಗೆ ಜೋತುಬಿದ್ದು ಬಿಡಲೊಲ್ಲದಾಯಿತು.

ಕೇಪ್‌ಟೌನಿನಲ್ಲಿ ಹಿಮನಾಡಿನ ವಿಮಾನ ಹತ್ತುವ ಮೊದಲು ಎಲ್ಲರೂ ಬಟ್ಟೆ ಝಾಡಿಸಿ, ಬೂಟು ಉಜ್ಜಬೇಕು. ಸುಮಂಗಲಾ ತನ್ನ ಸ್ವೆಟರಿನ ಟೊಪ್ಪಿಗೆಯನ್ನು ಮಗುಚಿದಳು. ಮಡಿಕೆಯಲ್ಲಿ ಅರಿಶಿನ ಹತ್ತಿದ ಒಂದು ಅಕ್ಕಿಕಾಳು.

ಒಯ್ಯುವಂತಿಲ್ಲ. ಉಡಿಯಕ್ಕಿಯನ್ನು ಕಸಕ್ಕೆ ಹಾಕುವಂತೆಯೂ ಇಲ್ಲ. ಬಾಯಿಗೆ ಹಾಕಿಕೊಂಡು ಚೆನ್ನಾಗಿ ಅಗಿದು ನುಂಗಿದಳು.

ಆಮೇಲೆ ಬೂಟುಗಳ ಒಳಗೆ ಮತ್ತೊಮ್ಮೆ ಬೆರಳಾಡಿಸಿ ನೋಡಿದಳು. ಅನಸುವಿನ ಕೈ ನಂಬುವಂಥದ್ದಲ್ಲ.