ನಾನು ಮುಚ್ಚಿದ ಗೂಡು

ನನ್ನ ಅಕ್ಕನಿಗೆ ಗೋಡೆಯಲ್ಲಿ ಒಂದು ಗೂಡು ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ. ಆಗಲಿಲ್ಲ ಅನ್ನುವುದೂ ಸುಳ್ಳು. ನಾನು ಬಿಡಲಿಲ್ಲ. ಒಂದು ಮೊಳ ಅಗಲ, ಒಂದು ಮೊಳ ಎತ್ತರದ ಗೂಡು, ಅಷ್ಟೇ ಅವಳು ಕೇಳಿದ್ದು. ನಾನು ಗಾರೆ ಕೆಲಸದವನು. ಊರಿನವರ ಮನೆಗಳಿಗೆ ಕಿಟಕಿ, ಕಪಾಟು, ದೇವರ ಮಂಟಪ ಎಲ್ಲ ಕಟ್ಟಿಕೊಟ್ಟಿದ್ದೇನೆ. ಇದು ನಡೆದದ್ದು 1998ರಲ್ಲಿ, ನಂಜನಗೂಡಿನ ನಮ್ಮ ಮನೆಗೆ ಸಿಮೆಂಟಿನ ಗಿಲಾವು ಮಾಡಿದ ವರ್ಷ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ಬರೆದು ಅಭ್ಯಾಸವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮ ಮನೆ ಹೊಳೆಗೆ ಹೋಗುವ ಬೀದಿಯಲ್ಲಿದೆ. ಒಂದು ನಡುಮನೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು. ಅಪ್ಪ ಕಟ್ಟಿದ ದಪ್ಪನೆಯ ಮಣ್ಣಿನ ಗೋಡೆ, ಮೇಲೆ ಹೆಂಚು. ನಡುಮನೆಯ ಗೋಡೆಯಲ್ಲಿ ದೀಪದ ಗೂಡು, ಅದರ ಪಕ್ಕಕ್ಕೆ ಸಾಲಾಗಿ ಬೇರೆ ಗೂಡುಗಳು. ಅಪ್ಪನದೊಂದು, ಅವ್ವನದೊಂದು. ಅಕ್ಕ ಹುಟ್ಟಿದಾಗ ಅಪ್ಪ ಗೋಡೆ ಕೊರೆದು ಅವಳಿಗೊಂದು ಗೂಡು ಮಾಡಿದನಂತೆ. ನಾನು ಹುಟ್ಟಿದ ಮೇಲೆ ಅದರ ಪಕ್ಕದಲ್ಲಿ ನನಗೊಂದು. ಮನೆಯಲ್ಲಿ ಬೀರು ಇರಲಿಲ್ಲ, ಮಂಚ ಇರಲಿಲ್ಲ. ಹಗಲು ಚಾಪೆಗಳನ್ನು ಸುತ್ತಿ ಮೂಲೆಗೆ ನಿಲ್ಲಿಸಿದರೆ ಇಡೀ ನಡುಮನೆ ಖಾಲಿ. ಅವರವರ ಸಾಮಾನು ಅವರವರ ಗೂಡಿನಲ್ಲಿ ಇರುತ್ತಿತ್ತು. ಇನ್ನೊಬ್ಬರ ಗೂಡಿಗೆ ಕೇಳದೆ ಕೈ ಹಾಕುವ ಹಾಗಿರಲಿಲ್ಲ. ಅವ್ವನ ಗೂಡಿನಿಂದ ಎಲೆ ಅಡಿಕೆ ಬೇಕಾದರೆ ಅಪ್ಪ ಕೂಡ "ತಗಳ್ಳಾ?" ಎಂದು ಕೇಳಿಯೇ ತೆಗೆದುಕೊಳ್ಳುತ್ತಿದ್ದ.

ಒಮ್ಮೆ ನಾನು ಅಕ್ಕನ ಗೂಡಿನ ಕನ್ನಡಿ ಕದ್ದು ಬೀದಿಯವರ ಮುಖಕ್ಕೆ ಬಿಸಿಲು ಬಿಡುತ್ತಾ ಕೂತಿದ್ದೆ. ಅಪ್ಪ ಹೊಡೆಯಲಿಲ್ಲ. ನನ್ನ ಗೂಡಿನಲ್ಲಿದ್ದ ಬುಗುರಿ, ಗೋಲಿ ಎಲ್ಲ ತೆಗೆದು ನೆಲದ ಮೇಲಿಟ್ಟ. "ನಿಮ್ಮಕ್ಕ ಮಡುಕ್ಕೊ ಅನ್ನೋಗಂಟ ನಿಂಗೆ ಗೂಡಿಲ್ಲ ಕಣ್ಲಾ" ಅಂದ. ಸಂಜೆಯೊಳಗೆ ಅಕ್ಕನ ಲಂಗ ಹಿಡಿದುಕೊಂಡು ತಪ್ಪಾಯ್ತು ಅಂದುಬಿಟ್ಟೆ. ಆ ವಯಸ್ಸಿನಲ್ಲಿ ಆ ಮಾತು ಬಾಯಿಗೆ ಸಲೀಸಾಗಿ ಬರುತ್ತಿತ್ತು.

ಅಕ್ಕನ ಹೆಸರು ಚಿಕ್ಕತಾಯಮ್ಮ. ಮನಸ್ಸಿಗೆ ಬೇಜಾರಾದರೆ ಅವಳು ಅಳುತ್ತಿರಲಿಲ್ಲ, ಜಗಳವಾಡುತ್ತಿರಲಿಲ್ಲ. ತನ್ನ ಗೂಡಿನ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಆಗ ಅವಳನ್ನು ಯಾರೂ ಮಾತನಾಡಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಎದ್ದು ಕೆಲಸಕ್ಕೆ ಹೋಗುತ್ತಿದ್ದಳು.

ಅವಳನ್ನು ತಿರುಮಕೂಡಲು ನರಸೀಪುರಕ್ಕೆ ಕೊಟ್ಟಿದ್ದೆವು. ಮಕ್ಕಳಾಗಲಿಲ್ಲ. ಭಾವ ತೀರಿಕೊಂಡ ಮೇಲೆ, 1996ರಲ್ಲಿ, ಒಂದು ಟ್ರಂಕು ಹಿಡಿದು ನಮ್ಮ ಮನೆಗೆ ಬಂದಳು. ಅಷ್ಟರಲ್ಲಿ ಅಪ್ಪ, ಅವ್ವ ಇಬ್ಬರೂ ಇರಲಿಲ್ಲ. ಅಕ್ಕನ ಗೂಡು ಮಾತ್ರ ಖಾಲಿಯೇ ಇತ್ತು. ಅವ್ವ ಸಾಯುವ ತನಕ ಅದರಲ್ಲಿ ಏನೂ ಇಡಲು ಬಿಟ್ಟಿರಲಿಲ್ಲ. ಅಕ್ಕ ಅದನ್ನು ಒರೆಸಿ, ಕೆಮ್ಮಣ್ಣು ಬಳಿದು, ಬಾಚಣಿಗೆ, ಅದೇ ಕನ್ನಡಿ, ನಿಂತುಹೋದ ಭಾವನ ವಾಚು, ನರಸೀಪುರದ ಹೊಳೆ ಸಂಗಮದಲ್ಲಿ ಆಯ್ದುಕೊಂಡಿದ್ದ ನುಣ್ಣನೆಯ ಒಂದು ಕಲ್ಲು, ಇಷ್ಟನ್ನು ಜೋಡಿಸಿದಳು. ಆಮೇಲೆ ಛತ್ರವೊಂದರಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದಳು. ಸಂಜೆ ಬಂದು ಕೈಕಾಲು ತೊಳೆದು ಗೂಡಿನ ಕೆಳಗೆ ಸ್ವಲ್ಪ ಹೊತ್ತು ಕೂತರೆ ಅವಳ ದಿನ ಮುಗಿಯುತ್ತಿತ್ತು.

ನನ್ನ ಹೆಂಡತಿ ಭಾಗ್ಯ ಕಳಲೆಯವಳು. ಅವಳದು ತಪ್ಪೆಂದು ನಾನು ಹೇಳುವುದಿಲ್ಲ. ಮಣ್ಣಿನ ಗೋಡೆ ಉದುರಿ ಅನ್ನದ ತಪ್ಪಲೆಗೆ ಬೀಳುತ್ತಿತ್ತು. ಒಂದು ದಿನ ಅಪ್ಪನ ಗೂಡಿನಿಂದ ಚೇಳು ಇಳಿದು ಬಂತು. "ಊರೋರ್ ಗೋಡೆಯೆಲ್ಲ ನುಣ್ಣಗೆ ಮಾಡ್ಕೊಟ್ಟು ಬತ್ತೀರಿ, ನಿಮ್ ಮನೆ ನೋಡಿದ್ರೆ ಇಲಿ ಬಿಲ ಇದ್ದಂಗದೆ ಕಣ್ರೀ" ಅಂದಳು. ನನಗೆ ನಾಚಿಕೆಯಾಯಿತು. ಆಗ ಎಲ್ಲರ ಮನೆಗೂ ಗಾಜಿನ ಬಾಗಿಲಿನ ಶೋಕೇಸು ಬರುತ್ತಿದ್ದ ಕಾಲ. ಗಿಲಾವು ಮಾಡಿ, ನಡುಮನೆಯ ಗೋಡೆ ಪೂರ್ತಿ ಶೋಕೇಸು ಕಟ್ಟುತ್ತೇನೆ ಎಂದೆ.

ಅದೇ ಸಮಯಕ್ಕೆ ಭಾವನ ತಿಥಿಗೆಂದು ಅಕ್ಕ ನರಸೀಪುರಕ್ಕೆ ಹೊರಟಿದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಹೇಳಿದಳು.

"ಎಲ್ಲಾನೂ ಮುಚ್ಕೊ ಮಾದೇವ. ನನ್ ಗೂಡೊಂದ ಬುಟ್ಬುಡು ಕಣ್ಲಾ."

"ಆಯ್ತಕ್ಕ, ನೀನ್ ಓಗ್ಬುಟ್ ಬಾ" ಅಂದೆ.

ಗೂಡು ಬಿಡುವುದು ಕಷ್ಟವೇನೂ ಇರಲಿಲ್ಲ. ಶೋಕೇಸು ಒಂದು ಮೊಳ ಚಿಕ್ಕದಾಗುತ್ತಿತ್ತು, ಅಷ್ಟೇ. ಆದರೆ ನೂಲು ಹಿಡಿದು ನೋಡಿದಾಗ ಗೋಡೆ ಈ ತುದಿಯಿಂದ ಆ ತುದಿಗೆ ಒಂದೇ ಸಮ ಇರಬೇಕು ಅನ್ನಿಸಿತು. ನೋಡಿದವರು ಇದು ಮಾದೇವನ ಕೆಲಸ ಅನ್ನಬೇಕು ಎಂಬ ಆಸೆ. ಅಕ್ಕನ ಸಾಮಾನನ್ನು ತೆಗೆದು ಪ್ಲಾಸ್ಟಿಕ್ ಕವರಿಗೆ ತುಂಬಿ ಮೊಳೆಗೆ ನೇತು ಹಾಕಿದೆ. ಕೇಳದೆ ಕೈ ಹಾಕುತ್ತಿದ್ದೇನೆ ಎಂಬುದು ಆಗ ನೆನಪಾಯಿತು. ನೆನಪಾದರೂ ನಿಲ್ಲಿಸಲಿಲ್ಲ. ಇಟ್ಟಿಗೆ ಚೂರು ತುಂಬಿ, ಗಾರೆ ಹಾಕಿ, ಕರಣೆಯಲ್ಲಿ ನುಣ್ಣಗೆ ಎಳೆದುಬಿಟ್ಟೆ. ನನ್ನ ಕೈಯಾರೆ ಮಾಡಿದ್ದು, ಆಳಿನ ಕೈಲಿ ಮಾಡಿಸಿದ್ದಲ್ಲ.

ಅಕ್ಕ ವಾಪಸ್ ಬಂದಾಗ ನಾನು ಶೋಕೇಸಿನ ಹಲಗೆ ಕೂರಿಸುತ್ತಿದ್ದೆ. ಕೈಚೀಲ ಇಳಿಸದೆ ಗೋಡೆಯ ಹತ್ತಿರ ಬಂದು, ಗೂಡಿದ್ದ ಜಾಗಕ್ಕೆ ಸರಿಯಾಗಿ ಅಂಗೈ ಇಟ್ಟಳು. ಸುಮಾರು ಹೊತ್ತು ಇಟ್ಟುಕೊಂಡೇ ಇದ್ದಳು.

"ಇನ್ನೂ ತಣ್ಣಗದೆ" ಅಂದಳು.

ನಾನು ಸುತ್ತಿಗೆ ಹುಡುಕುವವನ ಹಾಗೆ ಹಿತ್ತಲಿಗೆ ಹೋದೆ.

ಎರಡು ಮೂರು ದಿನ ಕಳೆದ ಮೇಲೆ ಕೇಳಿದಳು. "ಅಡಿಗೆಮನೇಲಾದ್ರೂ ಒಂದ್ ಗೂಡ ಮಾಡ್ಕೊಡು. ಬಾಗ್ಲು ಹಿಂದ್ಗಡೆ ಆದ್ರೂ ಸೈ." ನಾಳೆ ಮಾಡುತ್ತೇನೆ ಅಂದೆ. ಆಮೇಲೆ ಗಿಲಾವು ಒಣಗಲಿ ಅಂದೆ. ಆಮೇಲೆ ಬೇಸಿಗೆ ಬಂತು, ನಮಗೆ ಕೈತುಂಬ ಕೆಲಸದ ಕಾಲ. ಆಮೇಲೆ ಅವಳೇ ಕೇಳುವುದನ್ನು ಬಿಟ್ಟಳು. ಕೇಳುತ್ತಿಲ್ಲವಲ್ಲ, ಮರೆತಿರಬೇಕು ಎಂದುಕೊಂಡು ನಾನು ಹಗುರಾದೆ.

ಅವಳ ಕವರು ಅಡುಗೆಮನೆಯ ಬಾಗಿಲ ಹಿಂದೆ ಮೊಳೆಯಲ್ಲೇ ಇತ್ತು. ಅದರ ಮೇಲೆ ಭಾಗ್ಯಳ ಬ್ಯಾಗು, ಕೊಡೆ, ಸಂತೆಯ ಚೀಲ ಎಲ್ಲ ಬಂದು ಕೂತವು. ಬಾಚಣಿಗೆ ಬೇಕಾದಾಗ ಅಕ್ಕ ಅಷ್ಟನ್ನೂ ಇಳಿಸಿ ಮತ್ತೆ ಏರಿಸಬೇಕಿತ್ತು. ಇತ್ತ ಶೋಕೇಸು ತುಂಬುತ್ತಾ ಹೋಯಿತು. ಗೊಂಬೆಗಳು, ಪ್ಲಾಸ್ಟಿಕ್ ಹೂವು, ಯಾರೂ ಕುಡಿಯದ ಕಪ್ಪು-ಸಾಸರು. ಟಿವಿ ಬಂತು, ಟಿವಿಗೊಂದು ಸ್ಟ್ಯಾಂಡು ಬಂತು, ನೋಡುವವರಿಗೆ ಕುರ್ಚಿಗಳು ಬಂದವು. ಜಾಗ ಸಾಲದೆ ಅಕ್ಕನ ಟ್ರಂಕು ಬಚ್ಚಲ ಪಕ್ಕದ ಶೀಟಿನ ಕೆಳಗೆ ಹೋಯಿತು. ಸಂಜೆ ಕೆಲಸದಿಂದ ಬಂದ ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದಳು. ನಾನು ನೋಡಿದ್ದೇನೆ. ಗಾಳಿಗೆ ಕೂತಿದ್ದಾಳೆ ಎಂದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಭಾಗ್ಯಳ ಅಣ್ಣ, ಅತ್ತಿಗೆ, ಮಕ್ಕಳು ಕಳಲೆಯಿಂದ ಬಂದಿದ್ದರು. ಊಟವಾಗಿ ಎಲ್ಲರೂ ಸಿನಿಮಾ ನೋಡುತ್ತಿದ್ದೆವು. ಛತ್ರದಲ್ಲಿ ಮದುವೆ ಊಟದ ಪಾತ್ರೆ ತೊಳೆದು ಬಂದ ಅಕ್ಕ ಬಾಗಿಲಲ್ಲಿ ನಿಂತಳು. ಕಾಲಿಡಲು ಜಾಗವಿರಲಿಲ್ಲ.

"ಒಸಿ ಒರಗ್ಬೇಕಿತ್ತು ಕಣ್ಲಾ, ಸೊಂಟ ಇಡ್ಕೊಂಡದೆ. ಎಲ್ಲಾದ್ರೂ ಜಾಗ ಅದಾ?"

ಅವಳ ಕಡೆ ತಿರುಗದೆ ನಾನು ಅಂದೆ. "ಎಲ್ಲಿ ಮಡುಗ್ಲಕ್ಕ ನಿನ್ನ? ಶೋಕೇಸಲ್ಲಿ ಮಡುಗ್ಲಾ, ಗೊಂಬೆ ಪಕ್ದಲ್ಲಿ?"

ಎಲ್ಲರೂ ನಕ್ಕರು. ಭಾಗ್ಯಳ ಅಣ್ಣ, "ಕುಂತ್ಕೊಂಡು ಗಾಜ್ ಎಳ್ಕೊಬುಡಿ, ಧೂಳ್ ಬೀಳಕಿಲ್ಲ" ಎಂದು ಸೇರಿಸಿದ. ಮತ್ತೆ ನಕ್ಕರು. ಅಕ್ಕನೂ ನಕ್ಕಳು. "ಬ್ಯಾಡ ಬುಡಪ್ಪ, ಕೈತಪ್ಪಿ ಒಡ್ದೋದ್ರೆ ನಿಮ್ಗೇ ಕಷ್ಟ" ಎಂದು ಹಿತ್ತಲಿಗೆ ಹೋದಳು. ನಾವು ಸಿನಿಮಾ ನೋಡಿದೆವು.

ಅದೇ ವಾರ ಅಕ್ಕ ನರಸೀಪುರಕ್ಕೆ ಹೊರಟಳು. ಅಲ್ಲಿ ಒಂದು ಹಾಸ್ಟೆಲ್‌ನಲ್ಲಿ ಅಡುಗೆ ಕೆಲಸ ಸಿಕ್ಕಿದೆ, ಹತ್ತಿರವೇ ಬಾಡಿಗೆಗೆ ಒಂದು ರೂಮೂ ಇದೆ ಅಂದಳು. ಮೊಳೆಯಿಂದ ಎಲ್ಲ ಚೀಲ ಇಳಿಸಿ, ತನ್ನ ಕವರು ತೆಗೆದುಕೊಂಡು, ಉಳಿದ ಚೀಲಗಳನ್ನು ಇದ್ದ ಹಾಗೇ ಏರಿಸಿದಳು. ಟ್ರಂಕನ್ನು ಬಸ್‌ಸ್ಟ್ಯಾಂಡಿಗೆ ನಾನೇ ಹೊತ್ತೆ. ಹೋಗಬೇಡ ಅನ್ನಲಿಲ್ಲ. ಹಬ್ಬಕ್ಕೆ ಬಂದರೆ ಊಟ ಮಾಡಿ ಅವತ್ತೇ ಹಿಂದಿರುಗುತ್ತಿದ್ದಳು. ಇರು ಅಂದರೆ ನಗುತ್ತಾ, "ನಮ್ಮೂರ್ ಒಳೆ ನೀರೇ ಅಲ್ಲಿಗಂಟ ಬತ್ತದಲ್ಲ, ನಾನ್ಯಾಕ್ ಇಲ್ಲಿರ್ಲಿ" ಅನ್ನುತ್ತಿದ್ದಳು.

2007ರಲ್ಲಿ ಅವಳು ಹಾಸ್ಟೆಲ್‌ನ ಅಡುಗೆಮನೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳೆಂದು ಸುದ್ದಿ ಬಂತು. ಹೋದೆ. ಅವಳ ರೂಮಿನೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅದನ್ನು ಬರೆಯಲೂ ನಾಚಿಕೆ. ಹಿಂದೆ ಹೋದಾಗಲೆಲ್ಲ ಹಾಸ್ಟೆಲ್ ಬಾಗಿಲಲ್ಲೇ ಮಾತನಾಡಿಸಿ ಬಂದುಬಿಡುತ್ತಿದ್ದೆ.

ಚಿಕ್ಕ ರೂಮು. ಒಂದು ಚಾಪೆ, ಒಂದು ಸ್ಟವ್, ಎರಡು ಪಾತ್ರೆ, ಒಂದು ಬಿಂದಿಗೆ. ನೆಲ ಖಾಲಿ, ಗೋಡೆ ಖಾಲಿ. ಒಳಗೆ ಹೋದ ಕೂಡಲೇ ನನಗೆ ಅಪ್ಪ ಇದ್ದ ಕಾಲದ ನಮ್ಮ ನಡುಮನೆಗೆ ಬಂದ ಹಾಗಾಯಿತು. ಬಾಡಿಗೆ ಮನೆಯ ಗೋಡೆ ಕೊರೆಯುವ ಹಾಗಿಲ್ಲವಲ್ಲ, ಟೊಮೇಟೊ ಬರುವ ಮರದ ಪೆಟ್ಟಿಗೆಯೊಂದನ್ನು ಮೊಳೆ ಹೊಡೆದು ಗೋಡೆಗೆ ಕೂರಿಸಿದ್ದಳು. ಪೆಟ್ಟಿಗೆಯ ಒಳಗೆಲ್ಲ ಕೆಮ್ಮಣ್ಣು ಬಳಿದಿತ್ತು. ಬಾಚಣಿಗೆ, ಕನ್ನಡಿ, ವಾಚು, ಕಲ್ಲು. ಅಕ್ಕ ಕಾಲಿಗೆ ಪಟ್ಟು ಹಾಕಿಸಿಕೊಂಡು ಅದರ ಕೆಳಗೆ ಒರಗಿ ಕೂತಿದ್ದಳು.

"ಮನೆಗ್ ಬಂದ್ಬುಡಕ್ಕ" ಅಂದೆ.

"ಬಂದ್ರೆ ಎಲ್ಲಿ ಮಡುಗೀಯೆ ನನ್ನ?"

ಈ ಸಲ ಅವಳು ನಗಲಿಲ್ಲ. ಕೋಪದಿಂದಲೂ ಕೇಳಲಿಲ್ಲ. ನನ್ನ ಮಾತನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದು ನನ್ನ ಕೈಗೆ ವಾಪಸ್ ಕೊಟ್ಟ ಹಾಗಿತ್ತು. ನಾನು ಎದ್ದು ಬಂದು ಬಸ್ಸು ಹತ್ತಿದೆ.

ಮಾರನೆಯ ದಿನ ಕೆಲಸಕ್ಕೆ ಹೋಗಲಿಲ್ಲ. ಶೋಕೇಸಿನ ಗಾಜು ಬಿಚ್ಚಿದೆ. ಭಾಗ್ಯ ಏನು ಎತ್ತ ಎಂದು ಕೇಳಲಿಲ್ಲ. ಗೊಂಬೆಗಳನ್ನು ಒಂದೊಂದಾಗಿ ಇಳಿಸಿಕೊಡುತ್ತಾ, "ಅವತ್ತು ನಾನೂ ನಗ್ಬಾರ್ದಿತ್ತು" ಅಂದಳು. ಅಂದರೆ ಅವಳಿಗೂ ನೆನಪಿತ್ತು. ಹಲಗೆ ಕಿತ್ತು, ಅಂದಾಜಿನ ಮೇಲೆ ಉಳಿ ಇಟ್ಟು ಗಾರೆ ಒಡೆದೆ. ನಾನೇ ತುಂಬಿದ ಇಟ್ಟಿಗೆ ಚೂರುಗಳು ಒಂದೊಂದೇ ಕೈಗೆ ಬಂದವು. ಒಳಗಿನ ಮಣ್ಣಿನ ಮೇಲೆ ಕೆಮ್ಮಣ್ಣು ಹಾಗೇ ಇತ್ತು. ಅಕ್ಕ ಬಳಿದಾಗಿನ ಬೆರಳ ಗೆರೆಗಳೂ ಇದ್ದವು. ಅದನ್ನು ನೋಡಿ ಉಳಿ ಕೆಳಗಿಟ್ಟು ಅಲ್ಲೇ ಕೂತುಬಿಟ್ಟೆ. ಟಿವಿ ಸ್ಟ್ಯಾಂಡು, ಕುರ್ಚಿ ಎಲ್ಲ ಹೊರಗೆ ಹೋದವು. ಸಂಜೆ ಚಾಪೆ ಸುತ್ತಿಟ್ಟು ದೀಪ ಹಚ್ಚಿದಾಗ ಮನೆಯಲ್ಲಿ ಸದ್ದೇ ಇರಲಿಲ್ಲ. ನಮ್ಮ ಮನೆ ಇಷ್ಟು ದೊಡ್ಡದೇ ಎಂದು ಭಾಗ್ಯ ಆಶ್ಚರ್ಯಪಟ್ಟಳು.

ಅಕ್ಕ ವಾಪಸ್ ಬರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಕಾಲು ಸರಿಯಾಗಿ ಕೂಡಲಿಲ್ಲ. ಆಮೇಲೆ ನಾನು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ, ಭಾಗ್ಯ ಅಡುಗೆ ಕಟ್ಟಿಕೊಡುತ್ತಿದ್ದಳು. ಎರಡು ವರ್ಷಕ್ಕೆ ಅಕ್ಕ ಅದೇ ರೂಮಿನಲ್ಲಿ ತೀರಿಕೊಂಡಳು. ನಮ್ಮ ಮನೆಯ ಅವಳ ಗೂಡು ಈಗಲೂ ಇದೆ. ಬಾಚಣಿಗೆ, ಕನ್ನಡಿಯನ್ನು ತಂದು ಅದರಲ್ಲಿಡಲು ನನಗೆ ಮನಸ್ಸಾಗಲಿಲ್ಲ, ಅವಳನ್ನು ಕೇಳಿರಲಿಲ್ಲವಲ್ಲ. ಖಾಲಿ ಇದೆ. ಮನೆಗೆ ಬಂದವರು, ಇಲ್ಲಿ ಒಂದು ಫೋಟೊವಾದರೂ ಇಡಬಾರದೇ ಅನ್ನುತ್ತಾರೆ. ಅದು ಅಕ್ಕನದು ಅನ್ನುತ್ತೇನೆ.

ಗೂಡು ಬಿಡಿಸಿದ ಮರುದಿನವೇ ನಾನು ನರಸೀಪುರಕ್ಕೆ ಓಡಿದ್ದೆ. ಕೈಯಲ್ಲಿ ಇನ್ನೂ ಗಾರೆಯ ಧೂಳಿತ್ತು. ಆ ಗೂಡು ನನ್ನ ಪರವಾಗಿ ಎಲ್ಲವನ್ನೂ ಹೇಳಿಬಿಡುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ ಎಂದುಕೊಂಡಿದ್ದೆ.

"ನಿನ್ ಗೂಡ ಬುಡ್ಸಿದ್ದೀನಿ ಕಣಕ್ಕ. ಅಂಗೇ ಅದೆ, ನಿನ್ ಕೆಮ್ಮಣ್ಣು ಸೈತ" ಅಂದೆ.

ಅಕ್ಕ ನನ್ನ ಕೈಯನ್ನೇ ನೋಡಿದಳು.

"ಮುಚ್ಚೋವಾಗ್ಲೂ ನೀನು ಮಾತಾಡ್ನಿಲ್ಲ. ಈಗ ಬುಡ್ಸೋವಾಗ್ಲೂ ಕೆಲ್ಸಾನೇ ಮಾಡ್ಕೊಂಡ್ ಬಂದಿದ್ದೀಯೆ" ಅಂದಳು. "ಚಿಕ್ಕೋನಾಗಿದ್ದಾಗ್ಲೇ ನೀನು ವಾಸಿ ಕಣ್ಲಾ. ಕನ್ನಡಿ ಕದ್ದಿದ್ಕೆ ಲಂಗ ಇಡ್ಕೊಂಡು ಬಾಯ್ಬುಟ್ಟು ಕೇಳ್ಕೊಂಡಿದ್ದೆ."

ಹೊರಗೆ ಯಾರೋ ಸೈಕಲ್ ನಿಲ್ಲಿಸಿದ ಸದ್ದಾಯಿತು. ಅವರು ಹೋಗುವ ತನಕ ಕಾದೆ. ಆಮೇಲೆ ಅವಳ ಸೆರಗಿನ ತುದಿ ಹಿಡಿದುಕೊಂಡೆ.

"ಬುಟ್ಬುಡು ಅಂದಿದ್ದೆ ನೀನು. ನಿನ್ನ ಕೇಳ್ದೆ ಕೈ ಹಾಕ್ದೆ, ನಿನ್ ಗೂಡ ಮುಚ್ಬುಟ್ಟೆ. ಎಲ್ರ ಮುಂದೆ ನಿನ್ನ ಆಡ್ಕೊಂಡ್ ನಕ್ಕೆ. ತಪ್ಪಾಯ್ತು ಕಣಕ್ಕ."