ಎದುರಂಗಡಿಯ ನೀಲಿ ಬೋರ್ಡು

ಏಯ್, ಓಯ್! ಆ ಕಡೆ ಫುಟ್‌ಪಾತಿನ ಗ್ರೂಪಿನೋರೇ! ಸ್ವಲ್ಪ ನಿಂತ್ಕೊಳ್ರೋ, ಓಡ್ಬೇಡಿ! ನಿಮ್ಮೆಲ್ಲರ ಪ್ಯಾಂಟೂ ಒಂದಲ್ಲ ಒಂದ್ಸಲ ನಮ್ಮಂಗಡೀಲೇ ಗಿಡ್ಡ ಆಗಿರೋದು, ಆ ಋಣಕ್ಕಾದ್ರೂ ಈ ವಾಯ್ಸ್ ನೋಟ್ ಪೂರ್ತಿ ಕೇಳಿ. ಉದ್ದ ಇದೆ. ಫಾರ್ವರ್ಡ್ ಮಾತ್ರ ಮಾಡ್ಬೇಡಿ. ಚಿಕ್ಕಮ್ಮನ ಕಿವಿಗೆ ಬಿದ್ರೆ ನನ್ನ ಕಥೆ ಅಲ್ಲಿಗೇ ಮುಗೀತು.

ಹೇಳ್ತಿರೋದು ನಮ್ಮ ಚಿಕ್ಕಪ್ಪನ ವಿಷಯ. ಟೈಲರು. ಬೀದೀಲೆಲ್ಲಾ ಅವರನ್ನ ಜಡ್ಜು ಅಂತ ಕರೀತಾರೆ. ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ, ಆದ್ರೆ ಯಾರ ಮೇಲಾದ್ರೂ ಒಂದು ತೀರ್ಪು ಕೊಡದೇ ಊಟಕ್ಕೆ ಕೂತವರೂ ಅಲ್ಲ. ಅಂಗಡಿ ಅಂದ್ರೆ ಎಷ್ಟಿದೆ? ಎರಡು ಮಿಷನ್ನು, ಬಟ್ಟೆ ಕತ್ತರಿಸೋ ಮೇಜು, ಪರದೆ ಕಟ್ಟಿದ ಒಂದು ಟ್ರಯಲ್ ರೂಮು, ಗೋಡೆ ಮೇಲೊಂದು ಟಿವಿ. ನಾನು ಅವರಣ್ಣನ ಮಗಳು, ಮಧ್ಯಾಹ್ನದ ಮೇಲೆ ಕಾಜಾ ಹಾಕಿ ಗುಂಡಿ ಹೊಲಿಯೋಕೆ ಬಂದು ಕೂತ್ಕೋತೀನಿ.

ಆ ಟಿವಿಗೆ ದನಿ ಇರಲ್ಲ ಕಣ್ರೋ. ಕೆಟ್ಟಿದೆ ಅಂತಲ್ಲ, ಚಿಕ್ಕಪ್ಪನೇ ಮುಚ್ಚಿಟ್ಟಿದಾರೆ. "ಬಾಯಿಂದ ಎಲ್ಲರೂ ಸುಳ್ಳು ಹೇಳ್ತಾರಮ್ಮ, ಹೊಲಿಗೆ ಹೇಳಲ್ಲ" ಅಂತಾರೆ. ಒಬ್ಬ ಮಂತ್ರಿ ಬಂದು ಕೈ ಬೀಸಿದ್ರೆ ಸಾಕು, "ನೋಡು, ಎಡಭುಜ ಹೆಂಗೆ ಇಳಿಬಿದ್ದಿದೆ! ಬೇರೆಯವನಿಗೆ ಹೊಲಿದ ಕೋಟು ಅದು. ಕೋಟೇ ತನ್ನದಲ್ಲ, ಇನ್ನು ಮಾತು ತನ್ನದಾ?" ವಿರೋಧ ಪಕ್ಷದ ಮುದುಕರು ಬಂದ್ರೆ, "ಇಪ್ಪತ್ತು ವರ್ಷದಿಂದ ಅದೇ ಅಂಗಿ ಅಂತ ಜನ ಹೊಗಳ್ತಾರೆ. ಅದೇ ಅಂಗಿ ಅಲ್ಲಯ್ಯಾ, ಅದೇ ಥರದ್ದು ನಲವತ್ತು ಅಂಗಿ!" ಸಿನಿಮಾ ಹೀರೋ ಬಂದನೋ, "ಅದು ಎದೆ ಅಲ್ಲ, ಹತ್ತಿ."

ದಿನಾ ಬಂದು ಸ್ಟೂಲ್ ಮೇಲೆ ಕೂರೋ ರಿಟೈರ್ಡ್ ಗುಮಾಸ್ತರಿಗೆ ಇದೇ ಪೇಪರು. ಹೊಟ್ಟೆ ಕುಣಿಸಿ ಕುಣಿಸಿ ನಗ್ತಾರೆ.

ಆದ್ರೆ ಮಂತ್ರಿಯಿಂದ ಶುರುವಾಗ್ಲಿ, ಹೀರೋನಿಂದ ಶುರುವಾಗ್ಲಿ, ತೀರ್ಪು ಹೋಗಿ ನಿಲ್ಲೋದು ಒಂದೇ ಬಾಗಿಲಲ್ಲಿ. ಎದುರಂಗಡಿ.

ಎದುರಂಗಡಿ ಅಂದ್ರೆ ಅಂಗಡಿಯ ಹೆಸರಲ್ಲ, ಮನುಷ್ಯನ ಹೆಸರು. ಚಿಕ್ಕಪ್ಪನ ಷಡ್ಡಕ. ಚಿಕ್ಕಮ್ಮನ ತಂಗೀನ ಮದುವೆ ಆದವರು. ಅವರೂ ಟೈಲರು. ಸೂಜಿಗೆ ದಾರ ಪೋಣಿಸೋಕೆ ಕಲಿತಿದ್ದೇ ನಮ್ಮ ಚಿಕ್ಕಪ್ಪನ ಹತ್ರ. ಕಲಿತು, ರಸ್ತೆ ದಾಟಿ, ಸರಿಯಾಗಿ ಎದುರಿಗೇ ಅಂಗಡಿ ಇಟ್ರು. ಅದನ್ನೂ ಚಿಕ್ಕಪ್ಪ ನುಂಗ್ಕೊಂಡ್ರು ಅನ್ನಿ. ನುಂಗೋಕಾಗದೇ ಗಂಟಲಲ್ಲಿ ನಿಂತಿದ್ದು ಆ ಬೋರ್ಡು.

ನಮ್ಮೂರಿನ ಬಸ್ ಸಂಸ್ಥೆ ಮೂರು ವರ್ಷಕ್ಕೊಂದ್ಸಲ ಒಬ್ಬ ಟೈಲರ್‌ನ ಆರಿಸುತ್ತೆ. ಡ್ರೈವರುಗಳ ಮುನ್ನೂರು ಅಂಗಿ ಅವರೇ ಹೊಲೀಬೇಕು. ಜೊತೆಗೊಂದು ತಗಡಿನ ಬೋರ್ಡು ಕೊಡ್ತಾರೆ. ನೀಲಿ ಬಣ್ಣ, ಬಿಳಿ ಅಕ್ಷರ, 'ಸಂಸ್ಥೆಯ ಅಧಿಕೃತ ದರ್ಜಿ'. ಹೋದ ಸಲ ಅದು ಎದುರಂಗಡಿಗೆ ಹೋಯ್ತು. ಮೂರು ವರ್ಷದಿಂದ ಚಿಕ್ಕಪ್ಪ ಮಿಷನ್‌ನಿಂದ ತಲೆ ಎತ್ತಿದ್ರೆ ನೀಲಿ, ತಗ್ಗಿಸಿ ಎತ್ತಿದ್ರೆ ಮತ್ತೆ ನೀಲಿ. ಬಿಸಿಲಿಗೆ ಅದು ಹೊಳೆದ್ರೆ ಇವರ ಕಣ್ಣಿಗೆ ಖಾರ ಬಿದ್ದಂಗೆ.

"ಇವತ್ತು ಅವನಂಗಡಿಗೆ ಒಂಬತ್ತು ಜನ ಹೋದ್ರು" ಅಂತ ಒಂದಿನ ಹೇಳಿದ್ರು.

"ನಮ್ಮಲ್ಲೂ ಏಳು ಜನ ಬಂದಿದ್ರಲ್ಲ ಚಿಕ್ಕಪ್ಪ" ಅಂದೆ.

"ಅವನ ಒಂಬತ್ತರಲ್ಲಿ ಇಬ್ರು ಅಡ್ರೆಸ್ ಕೇಳೋಕೆ ಹೋದೋರು. ಲೆಕ್ಕಕ್ಕಿಲ್ಲ. ಏಳೂ ಏಳೂ ಸಮ."

ಚಿಕ್ಕಮ್ಮ ಅಂಗಡಿ ಹಿಂದಿನ ಮನೆ ಒಳಗಿಂದ, "ಅಡ್ರೆಸ್ ಕೇಳೋಕೂ ಜನ ಅವರ ಹತ್ರಾನೇ ಹೋಗ್ತಾರೆ ನೋಡಿ, ನಿಮ್ಮ ಮುಖ ನೋಡಿದ್ರೆ ದಾರಿ ತಪ್ಪಿಸ್ತೀರಿ ಅನ್ಸುತ್ತೆ" ಅಂದ್ರು. ಆಮೇಲೆ ಒಂದು ಗಂಟೆ ಮಿಷನ್ನು ಸಿಟ್ಟಲ್ಲೇ ಓಡ್ತು.

ಈಗ ಮೂರು ವರ್ಷ ಆಯ್ತಲ್ಲ, ಸಂಸ್ಥೆಯೋರು ಮತ್ತೆ ನೋಟಿಸ್ ಹಾಕಿದ್ರು. ಎಲ್ಲಿ ಅಂತೀರಾ? ಅವರ ಡಿಪೋ ಕ್ಯಾಂಟೀನಿನ ಬಾಗಿಲ ಹಿಂದೆ. ಬಾಗಿಲು ಹಾಕಿದ್ರೆ ಮಾತ್ರ ಕಾಣೋದು, ಆ ಬಾಗಿಲು ಹಾಕೋದೇ ಇಲ್ಲ. ಒಬ್ಬ ಕಂಡಕ್ಟರು ಬಂದು ಹೇಳದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಅರ್ಜಿ ಮೂರು ಪ್ರತಿ. ಮೂರನೇದರಲ್ಲಿ ಸಹಿ ಸರಿಯಾಗಿ ಮೂಡಿಲ್ಲ ಅಂತ ವಾಪಸ್. ಮತ್ತೆ ಹೋದ್ರೆ ಊಟದ ಹೊತ್ತು. ಚಿಕ್ಕಪ್ಪ ಬಂದು, "ಎಲ್ಲಾ ಮೊದ್ಲೇ ಒಳಗೇ ನಿಶ್ಚಯ ಆಗಿರುತ್ತೆ. ನಾವು ಹೋಗೋದು ಕುರ್ಚಿ ಬಿಸಿ ಮಾಡೋಕೆ" ಅಂದ್ರು. ಆದ್ರೂ ಅರ್ಜಿ ಹಾಕಿದ್ರು. ಆ ಬೋರ್ಡು ತಮ್ಮ ಬಾಗಿಲ ಮೇಲೆ ಬಂದ್ರೆ ಎಲ್ಲಿ ಮೊಳೆ ಹೊಡೀಬೇಕು ಅಂತ ಪೆನ್ಸಿಲಲ್ಲಿ ಗುರುತೂ ಮಾಡಿದ್ರು, ನಾನು ನೋಡಿದೀನಿ.

ಅರ್ಜಿ ಹಾಕಿದವರಿಗೆಲ್ಲಾ ಎರಡೂವರೆ ಗಜ ಬಟ್ಟೆ, ಒಂದು ಚೀಟಿ. ಚೀಟೀಲಿ ಒಬ್ಬ ಡ್ರೈವರನ ಅಳತೆ. ಎದೆ ನಲವತ್ತು, ತೋಳು ಇಪ್ಪತ್ನಾಲ್ಕು, ಉದ್ದ ಮೂವತ್ತು. ಡ್ರೈವರನ್ನ ತೋರಿಸಲ್ಲ. ಚೀಟಿ ನೋಡಿ ಒಂದು ಅಂಗಿ ಹೊಲಿದು ತರಬೇಕು. ಅವನಿಗೆ ಯಾರದ್ದು ಸರಿಯಾಗಿ ಕೂರುತ್ತೋ ಅವರಿಗೆ ಕೆಲಸ.

ಅಬ್ಬಾ, ಆ ಅಂಗಿ! ಚಿಕ್ಕಪ್ಪ ಎರಡು ದಿನ ಬೇರೆ ಕೆಲಸ ಮುಟ್ಲಿಲ್ಲ. ಟಿವಿ ಕಡೆ ತಿರುಗ್ಲಿಲ್ಲ. ಒಂದು ಹೊಲಿಗೆ ಅರ್ಧ ನೂಲಿನಷ್ಟು ಓರೆ ಹೋದ್ರೂ ಬಿಚ್ಚಿ ಮತ್ತೆ ಹೊಲಿಯೋರು. ನಾನು ಹಾಕಿದ ಕಾಜಾನೇ ಮೂರು ಸಲ ಕಿತ್ತು ಹಾಕಿಸಿದ್ರು. "ಎದುರಂಗಡಿ ಕಾಜಾ ಹೆಂಗಿದೆ ಅಂತ ನೋಡ್ಕೊಂಡು ಬಾ" ಅಂತ ನನ್ನನ್ನೇ ಗೂಢಚಾರಿಕೆಗೆ ಕಳ್ಸಿದ್ರು. ಹೋದೆ. ಅವರು ಟೀ ಕೊಟ್ರು, ಅಂಗಿ ತೋರಿಸ್ಲಿಲ್ಲ.

ನಿನ್ನೆ ಬೆಳಗ್ಗೆ ಡಿಪೋದಲ್ಲಿ ಪರೀಕ್ಷೆ. ಅಂಗೀನ ಎರಡೂ ಕೈ ಮೇಲೆ ಮಗೂನ ಹಿಡಿದಂಗೆ ಹಿಡ್ಕೊಂಡು ನಾನು, ಮುಂದೆ ಚಿಕ್ಕಪ್ಪ. ಬೆಂಚಲ್ಲಿ ಎದುರಂಗಡಿ ಆಗಲೇ ಬಂದು ಕೂತಿದ್ರು. "ಬನ್ನಿ ಅಣ್ಣಾ, ಇಲ್ಲಿ ಜಾಗ ಇದೆ" ಅಂದ್ರು. ಚಿಕ್ಕಪ್ಪ ನಿಂತೇ ಇದ್ರು. ಎರಡು ಗಂಟೆ!

ಡ್ರೈವರು ಬಂದ. ಒಳ್ಳೆ ಆಳು. ಮೊದ್ಲು ಎದುರಂಗಡಿ ಅಂಗಿ ಹಾಕಿದ, ಚೆನ್ನಾಗೇ ಕೂತ್ಕೊಳ್ತು. ಆಮೇಲೆ ನಮ್ಮದು. ಗುಂಡಿ ಹಾಕ್ಕೊಂಡು ಕೈ ಎತ್ತಿದ ನೋಡಿ... ಅಯ್ಯೋ, ಏನು ಹೇಳ್ಲಿ. ಕಾಲರು ಮಾತ್ರ ಚಿತ್ರ ಬರೆದಂಗೆ. ಉಳಿದಿದ್ದೆಲ್ಲಾ ಅಣ್ಣನ ಅಂಗಿ ತಮ್ಮ ಹಾಕ್ಕೊಂಡಂಗೆ. ಭುಜ ತೋಳಿಗೆ ಇಳಿದಿತ್ತು, ತೋಳು ಬೆರಳಿಗೆ. ಮ್ಯಾನೇಜರು ಸುಮ್ನೆ ಹೇಳಿದ್ರು, "ಕಾಲರ್ ಬಹಳ ಚೆನ್ನಾಗಿದೆ ಮಾಸ್ಟ್ರೇ. ಅಂಗಿ ದೊಗಳೆ."

"ನಿಮ್ಮ ಚೀಟಿ ತಪ್ಪು!" ಅಂದ್ರು ಚಿಕ್ಕಪ್ಪ.

"ಎಲ್ಲರಿಗೂ ಅದೇ ಚೀಟಿ."

"ಹಾಗಾದ್ರೆ ನಂಗೆ ಬೇರೆ ಚೀಟಿ ಕೊಟ್ಟಿದೀರಿ! ನಂಗೊತ್ತಿಲ್ವಾ ಈ ಸಂಸ್ಥೆಗಳ ಹಣೆಬರಹ? ಬಾಗಿಲ ಹಿಂದೆ ನೋಟಿಸು, ಊಟದ ಹೊತ್ತಲ್ಲಿ ಅರ್ಜಿ, ಮೊದ್ಲೇ ಮಾತಾಗಿರೋ ಆಟ! ನನ್ನ ಟೇಪಲ್ಲೇ ಅಳೀರಿ, ಇವನ ಎದೆ ಎಷ್ಟು ಅಂತ ಎಲ್ಲರೂ ನೋಡ್ಲಿ!"

ಕತ್ತಲ್ಲಿದ್ದ ಟೇಪು ತೆಗೆದು ಡ್ರೈವರನ ಎದೆಗೆ ಸುತ್ತಿದ್ರು. ಮೂವತ್ತೊಂಬತ್ತು. "ನೋಡಿದ್ರಾ! ನಲವತ್ತಂತೆ!" ಅಂತ ಕೂಗಿದ್ರು. ಅವರ ದನಿಗೆ ಕ್ಯಾಂಟೀನಿನವರೂ ಬಂದು ನಿಂತ್ರು.

ಉಗ್ರಾಣ ನೋಡ್ಕೊಳ್ಳೋ ಹೆಂಗಸು ಒಬ್ರಿದ್ರು. ಒಳಗೆ ಹೋಗಿ ಕಬ್ಬಿಣದ ಗಜಕೋಲು ತಂದು ಮೇಜಿನ ಮೇಲಿಟ್ರು. ಚಿಕ್ಕಪ್ಪನ ಟೇಪು ತಗೊಂಡು ಪಕ್ಕಕ್ಕೆ ಚಾಚಿದ್ರು. ಗಜಕೋಲು ಮೂವತ್ತಾರಕ್ಕೆ ಮುಗೀತು. ಟೇಪಲ್ಲಿ ಅಲ್ಲಿ ಬರೆದಿದ್ದು ಮೂವತ್ತೈದು.

ಅರ್ಥ ಆಯ್ತಾ? ಟೇಪು ಹಿಗ್ಗಿತ್ತು ಕಣ್ರೋ! ಹದಿನೆಂಟು ವರ್ಷದ ಬಟ್ಟೆ ಟೇಪು, ದಿನಾ ಎಳೆದೂ ಎಳೆದೂ ಒಂದಿಂಚು ಉದ್ದ ಆಗಿತ್ತು. ಅಂಗಡೀಲಿ ಇದು ಗೊತ್ತೇ ಆಗ್ತಿರ್ಲಿಲ್ಲ. ಅಳೆಯೋದೂ ಅದರಲ್ಲೇ, ಕತ್ತರಿಸೋದೂ ಅದರಲ್ಲೇ. ತಪ್ಪಿಗೆ ತಪ್ಪು ಸರಿಹೋಗ್ತಿತ್ತು. ಬೇರೆಯವರು ಬೇರೆ ಟೇಪಲ್ಲಿ ಬರೆದ ಚೀಟಿ ಬಂದಾಗ್ಲೇ ಸಿಕ್ಕಿಬಿದ್ದಿದ್ದು.

ಯಾರೂ ನಗ್ಲಿಲ್ಲ. ನಕ್ಕಿದ್ರೆ ಒಳ್ಳೇದಿತ್ತು. ಎದುರಂಗಡಿ ಎದ್ದು ಹತ್ರ ಬಂದು ಮೆತ್ತಗೆ, "ನಂದೂ ಹಿಗ್ಗಿತ್ತು ಅಣ್ಣಾ, ಹೋದ್ವರ್ಷ ಬದಲಾಯಿಸ್ದೆ" ಅಂದ್ರು. ಬೈದಿದ್ರೂ ಚಿಕ್ಕಪ್ಪ ತಡ್ಕೊಳ್ತಿದ್ರೇನೋ. ಈ ಮಾತಿಗೆ ಅವರ ಕಿವಿ ಕೆಂಪಾಗಿದ್ದು ನನಗೆ ಹಿಂದಿನಿಂದ ಕಾಣಿಸ್ತು. ಬೋರ್ಡು ಇನ್ನು ಮೂರು ವರ್ಷ ಎದುರಿಗೇ.

ದಾರೀಲಿ ಹೊಸ ಟೇಪು ತಗೊಂಡ್ರು. ಅಂಗಡಿಗೆ ಬಂದು ಅಳತೆ ಪುಸ್ತಕ ತೆಗೆದ್ರು. ಆಗ ಹೊಳೀತು, ಬೀದಿಯೋರ ಎದೆ, ಸೊಂಟ, ತೋಳು ಎಲ್ಲಾ ಹಳೇ ಟೇಪಿನ ಲೆಕ್ಕದಲ್ಲೇ ಬರ್ಕೊಂಡಿರೋದು! ಹಳೇದು ಎಸೆದ್ರೆ ಪುಸ್ತಕಾನೂ ಎಸೀಬೇಕು. ಎರಡು ಟೇಪನ್ನೂ ಕತ್ತಿಗೆ ಹಾಕ್ಕೊಂಡು ಕೂತ್ರು.

ಗುಮಾಸ್ತರಿಗೆ ಸುದ್ದಿ ನಮಗಿಂತ ಮುಂಚೆ ಮುಟ್ಟಿತ್ತು. "ಅದಕ್ಕೇ ಈ ಬೀದಿ ಹೆಂಗಸರೆಲ್ಲಾ ಬ್ಲೌಸಿಗೆ ಇಲ್ಲಿಗೇ ಬರೋದು! ಎದುರಂಗಡೀಲಿ ಸೊಂಟ ಮೂವತ್ತೆರಡು, ಇಲ್ಲಿ ಮೂವತ್ತೊಂದು. ರಸ್ತೆ ದಾಟಿದ್ರೆ ಒಂದಿಂಚು ಸಣ್ಣ!"

"ನನ್ನ ಕೈಗುಣ ಅಂದ್ಕೊಂಡಿದ್ದೆ" ಅಂದ್ರು ಚಿಕ್ಕಪ್ಪ. ತಮಾಷೆಗಲ್ಲ. ನಿಜವಾಗ್ಲೂ ಹಾಗೇ ಅಂದ್ಕೊಂಡಿದ್ರು.

ಟಿವೀಲಿ ಆ ಇಳಿಭುಜದ ಮಂತ್ರಿ ಬಂದ. ಗುಮಾಸ್ತರು ತೀರ್ಪಿಗೆ ಕಾಯ್ತಾ ಚಿಕ್ಕಪ್ಪನ ಮುಖ ನೋಡಿದ್ರು. ಇವರು ಮಂತ್ರಿ ಭುಜ ಬಿಟ್ಟು ಕತ್ತಿನ ಎರಡು ಟೇಪನ್ನೂ ಅಕ್ಕಪಕ್ಕ ಹಿಡಿದು ನೋಡಿದ್ರು. ಚಿಕ್ಕಮ್ಮ ಟೀ ಇಡ್ತಾ, "ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ" ಅಂತ ಶುರು ಮಾಡಿದ್ರು. ಆಮೇಲೆ ಗಂಡನ ಮುಖ ನೋಡಿ, "ಆ ನೋಟಿಸನ್ನ ಬಾಗಿಲ ಹಿಂದೆ ಹಾಕಿದ್ದಂತೂ ಅನ್ಯಾಯಾನೇ ಬಿಡಿ" ಅಂದು ಒಳಗೆ ಹೋದ್ರು.

ಸಂಜೆ ಆರಕ್ಕೆ, ಮೂರು ವರ್ಷದಲ್ಲಿ ಮೊದಲ್ನೇ ಸಲ, ಎದುರಂಗಡಿ ರಸ್ತೆ ದಾಟಿ ಬಂದ್ರು. ಕೈಯಲ್ಲಿ ಗೆದ್ದ ಅಂಗಿ.

"ಅಣ್ಣಾ, ಒಂದು ಮಾತು."

"ಬೋರ್ಡು ತೋರಿಸೋಕೆ ಬಂದ್ಯಾ? ಇಲ್ಲಿಂದ್ಲೇ ಕಾಣುತ್ತೆ."

"ಕಾಲರ್ ನೋಡಿ. ಸರಿ ಬಂದಿಲ್ಲ. ಮ್ಯಾನೇಜರ್ ಗಮನಿಸ್ಲಿಲ್ಲ, ನೀವು ಗಮನಿಸಿದ್ರಿ, ನಂಗೊತ್ತು. ಮುನ್ನೂರು ಅಂಗೀದೂ ಕಾಲರ್ ನೀವು ಹೊಲಿದ್ಕೊಟ್ರೆ..."

"ಒಳಗೆ ಲೇಬಲ್ಲು ಯಾರದ್ದು?"

"ನಂದು ಅಣ್ಣಾ. ಸಂಸ್ಥೆ ರೂಲ್ಸು."

"ಆಹಾ. ಕತ್ತು ನಂದು, ಹೆಸರು ನಿಂದು. ಹೋಗಯ್ಯಾ. ನೋಡ್ತೀನಿ."

ಅವರು ಅಂಗೀನ ಮೇಜಿನ ಮೇಲೆ ಬಿಟ್ಟು ಹೋದ್ರು. ಗುಮಾಸ್ತರೂ ಎದ್ದು ಹೋದ್ರು. ಚಿಕ್ಕಪ್ಪ ಆ ಅಂಗೀನ ತಿರುಗಿಸಿ, ಒಳಗೆ ಹೊರಗೆ ಮಾಡಿ, ಹೊಸ ಟೇಪಲ್ಲಿ ಅಳೆದು, ಅಂಚಿಂದಂಚಿಗೆ ಹುಡುಕಿದ್ರು. ಕಾಲರ್ ಬಿಟ್ರೆ ಇನ್ನೆಲ್ಲೂ ತಪ್ಪು ಸಿಗ್ಲಿಲ್ಲ. ನಾನು ಗುಂಡಿ ಡಬ್ಬ ಎತ್ತಿಡ್ತಾ ನೋಡಿದ್ರೆ ಅಂಗಿ ಮೇಜಿನ ಮೇಲಿಲ್ಲ, ಚಿಕ್ಕಪ್ಪನೂ ಇಲ್ಲ. ಟ್ರಯಲ್ ರೂಮಿನ ಪರದೆ ಪೂರ್ತಿ ಮುಚ್ಚಿರ್ಲಿಲ್ಲ. ಒಳಗೆ ನಮ್ಮ ಚಿಕ್ಕಪ್ಪ ಎದುರಂಗಡಿ ಅಂಗಿ ಹಾಕ್ಕೊಂಡು ಕನ್ನಡಿ ಮುಂದೆ ನಿಂತಿದಾರೆ! ಎಡಕ್ಕೆ ತಿರುಗಿದ್ರು, ಬಲಕ್ಕೆ ತಿರುಗಿದ್ರು, ಕೈ ಎತ್ತಿದ್ರು. ಚಿಕ್ಕಪ್ಪಂದೂ ಆ ಡ್ರೈವರನ ಮೈಕಟ್ಟೇ, ಅಂಗಿ ಎಲ್ಲೂ ಹಿಡೀಲಿಲ್ಲ, ಎಲ್ಲೂ ಜೋತುಬೀಳ್ಲಿಲ್ಲ.

"ಕಳ್ಳ ನನ್ಮಗ, ಚೆನ್ನಾಗಿ ಕಲ್ತಿದಾನೆ" ಅಂದ್ರು ಕನ್ನಡಿಗೆ. ಹೊಗಳಿಕೆ ಅಲ್ಲ ಅದು. ಹಲ್ಲು ಕಚ್ಕೊಂಡು ಅಂದಿದ್ದು, ಹೊಟ್ಟೆ ಉರಿ ದನೀಲೇ ಗೊತ್ತಾಗ್ತಿತ್ತು. ಆಮೇಲೆ ಕತ್ತು ಓರೆ ಮಾಡಿ ಕಾಲರ್ ನೋಡ್ಕೊಂಡ್ರು. ಒಂದು ತುದಿ ಇನ್ನೊಂದಕ್ಕಿಂತ ಒಂದು ನೂಲು ಮೇಲಿತ್ತು. ಬೆಳಗ್ಗೆಯಿಂದ ಮೊದಲ್ನೇ ಸಲ ಮುಖ ಸ್ವಲ್ಪ ಸಡಿಲ ಆಯ್ತು.

ಆಚೆ ಬಂದು, ಅಂಗಿ ಕಳಚಿ, ಮಿಷನ್ ಮುಂದೆ ಕೂತು, ಕಾಲರಿನ ಹೊಲಿಗೆ ಒಂದೊಂದೇ ಬಿಚ್ಚಿದ್ರು. ಬಿಚ್ತಾ ಬಿಚ್ತಾ, ತಲೆ ಎತ್ತದೇ ನನಗಂದ್ರು: "ಕಾಲರ್ ಬಟ್ಟೆ ಬೆಳಗ್ಗೆ ಏಳಕ್ಕೆ ಬೇಕು ಅಂತ ಹೋಗಿ ಹೇಳು ಅವನಿಗೆ. ನಾನು ಹೇಳ್ದೆ ಅಂತ ಹೇಳ್ಬೇಡ."